ಮೀನಿಗೊಂದು ನೀರು, ಮನಿಗೊಂದು ನೀರು

ನಮ್ಮ ಗದಗ ಜಿಲ್ಲಾದ ಭಾಳ ಊರಾಗ ಬೋರಿನ ನೀರಿನ್ಯಾಗ ಫ್ಲೋರೈಡ್ ಹೆಚ್ಚು. ಹುಡುಗರ ಹಲ್ಲಿನ ಮ್ಯಾಲೆ ಕಂದು ಕಲೆ ನೀವೂ ನೋಡಿರಬೇಕು. ಒಮ್ಮೆ ಕುಂತರ ತಿಕ್ಕಿದ್ರೂ ಹೋಗಂಗಿಲ್ಲ. ನಮ್ಮ ಸಣ್ಣಾಕಿಗೆ ಐದು ವರ್ಷ, ಪಕ್ಕಾ ಹಲ್ಲು ಇನ್ನೂ ವಸಡಿನೊಳಗ ಬೆಳ್ಯಾಕತ್ತಾವು.

ಅದಕ್ಕ ಮೊದಲ ನೀರು ಪರೀಕ್ಷಾ ಮಾಡಿಸಿದ್ವಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರು ಸಿಗದಿದ್ರ 1.5. ನಮ್ಮದು ಅದನ್ನೂ ದಾಟಿತ್ತು.

ಅಂಗಡ್ಯಾಂವ "ಯುವಿ ಒಯ್ಯಿರಿ ಅಕ್ಕಾರ, ಅಗ್ಗ ಐತಿ" ಅಂದ. ಯುವಿ ರೋಗಾಣು ಕೊಲ್ತೈತಿ, ಕರಗಿದ ಫ್ಲೋರೈಡ್ ಹಂಗ ಉಳೀತೈತಿ. ಕಾಸಿದ್ರೂ ಹೋಗಂಗಿಲ್ಲ, ನೀರು ಆರಿದಷ್ಟು ಇನ್ನೂ ಹೆಚ್ಚಾಗ್ತೈತಿ. ಆರ್‌ಓನ ತಂದ್ವಿ.

ಸಣ್ಣಾಕಿ ಅದ ನೀರು ಗಪ್ಪಿ ಮೀನಿನ ತೊಟ್ಟಿಗೂ ಹಾಕಾಕ ಹೊಂಟಳು. "ಬ್ಯಾಡವಾ" ಅಂದೆ. ಗಪ್ಪಿಗೆ ಸುಣ್ಣದಂಶದ ಗಡಸು ನೀರು ಬೇಕು, ಆರ್‌ಓ ಅದನ್ನ ತಗದಬಿಡ್ತೈತಿ. ಬೋರಿನ ನೀರಿನ್ಯಾಗನ ಅವು ಆರಾಮ ಅದಾವು. ವಾರಕ್ಕೊಮ್ಮೆ ಕಾಲು ಭಾಗ ಅಷ್ಟ ಬದಲಿ ಮಾಡ್ತೀವಿ. ನಿಮ್ಮದು ಕ್ಲೋರಿನ್ ಹಾಕಿದ ನಳದ ನೀರಾದ್ರ ಬಕೀಟಿನ್ಯಾಗ ಒಂದು ದಿನ ತೆರದಿಟ್ಟು ಹಾಕ್ರಿ. ಇಲ್ಲಂದ್ರ ಮೀನಿನ ಕಿವಿರು ಸುಡ್ತೈತಿ.

ಆರ್‌ಓ ಹೊರಗ ಬಿಡೂ ನೀರು ನೆಲ ಒರಸಾಕ ಆಗ್ತೈತಿ, ಚೆಲ್ಲಬ್ಯಾಡ್ರಿ. ಮಷೀನಿನ ರೇಟು ಕೇಳೂ ಮೊದಲು, ನಿಮ್ಮ ನೀರಿನ್ಯಾಗ ಏನೈತಿ, ಅದನ್ನ ಕುಡಿಯೋರು ಯಾರು, ಇವೆರಡು ತಿಳ್ಕೊಂಡು ಹೋಗ್ರಿ.