ಗಾಂಧಿ ಚೌಕದಲ್ಲೊಂದು ತಾಸು

ವಿಜಯಪುರಕ್ಕೆ ಬರುವ ಪ್ರವಾಸಿಗರು ಮೊದಲು ಗೋಳಗುಮ್ಮಟವನ್ನೂ ಇಬ್ರಾಹಿಂ ರೋಜಾವನ್ನೂ ಅರಸಿ ಹೋಗುತ್ತಾರೆ. ಗಾಂಧಿ ಚೌಕವು ಅವರಿಗೆ ದಾಟಿ ಹೋಗುವ ಒಂದು ಕೂಡುದಾರಿ ಮಾತ್ರ. ನನಗಾದರೋ ಈ ಸಲದ ಪ್ರಯಾಣದಲ್ಲಿ ಆ ಚೌಕವೇ ಮುಖ್ಯ ಕ್ಷೇತ್ರವಾಯಿತು. ಅದಕ್ಕೆ ಕಾರಣವಾದದ್ದು ಬಚ್ಚಲುಮನೆಯ ಒಂದು ಚಿಕ್ಕ ಫ್ಯಾನು.

ನನ್ನ ಅಕ್ಕನಿಗೆ ಈಗ ಎಪ್ಪತ್ತಾರು ವರ್ಷ. ಮದುವೆಯಾಗಿ ಮೀರಜಕ್ಕೆ ಹೋದವಳು. ಮೊಣಕಾಲ ನೋವಿನಿಂದಾಗಿ ಒಂಬತ್ತು ವರ್ಷಗಳಿಂದ ಬಬಲೇಶ್ವರದ ಸಮೀಪದ ನಮ್ಮ ಹುಟ್ಟೂರನ್ನು ಕಂಡಿರಲಿಲ್ಲ. ದಾರಿಯಲ್ಲಿ ಶೌಚಕ್ಕೆ ತಕ್ಕ ಸ್ಥಳವಿಲ್ಲವೆಂಬುದೇ ಅವಳ ದೊಡ್ಡ ಅಂಜಿಕೆ. ಅದನ್ನರಿತ ಅವಳ ಮಗ, ಹಳೆಯ ಟೆಂಪೊ ಒಂದನ್ನು ಕೊಂಡು, ಅದರಲ್ಲಿ ಎರಡು ಮಂಚ, ಚಿಕ್ಕ ಅಡಿಗೆಯ ಕಟ್ಟೆ, ಹಿಂಭಾಗದಲ್ಲಿ ಪುಟ್ಟದೊಂದು ಬಚ್ಚಲುಮನೆ ಮಾಡಿಸಿದ. ಇಂತಹ ಮನೆಗಾಡಿಗೆ ಕ್ಯಾರವಾನ್ ಎನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. ನೆರೆಯ ಕೇರಳವು 2021ರಲ್ಲಿ ಇಂತಹ ಗಾಡಿಗಳ ಪ್ರವಾಸಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು.

ಮೀರಜದಿಂದ ಅಥಣಿಯ ಮಾರ್ಗವಾಗಿ ಹೊರಟೆವು. ತಿಕೋಟಾ ಸಮೀಪಿಸಿದಂತೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯ ತೋಟಗಳು ಕಣ್ಣಿಗೆ ಬಿದ್ದವು. ಅಲ್ಲಿ ಗಾಡಿ ನಿಲ್ಲಿಸಿ ಅಕ್ಕನಿಗೆ ಮಜ್ಜಿಗೆ ಕೊಟ್ಟೆ. ಅವಳು ಬೇಡವೆಂದಳು. ನೀರನ್ನೂ ಮುಟ್ಟಲಿಲ್ಲ. ತುಟಿ ಒಣಗಿರುವುದನ್ನು ಕಂಡು ಒತ್ತಾಯಿಸಿದಾಗ ಮೆಲ್ಲನೆ ಹೇಳಿದಳು:

“ತಮ್ಮಾ, ಆ ಬಚ್ಚಲದಾಗ ದೀಪ ಹಚ್ಚಿದ್ರ ಸಾಕು, ಮ್ಯಾಲಿನ ಫ್ಯಾನ್ ಕರ್ರ್ ಅಂತ ಒದರತೈತಿ. ನಾ ಒಳಗ ಹೋಗೀನಿ ಅಂತ ಗಾಡ್ಯಾಗಿನ ಮಂದಿಗೆಲ್ಲ ಡಂಗುರಾ ಸಾರಿದಂಗ ಆಗತೈತಿ. ಅದಕ್ಕ ಮುಂಜಾನಿಂದ ನೀರ ಕುಡದಿಲ್ಲ.”

ನನಗೆ ಮಾತು ಹೊರಡಲಿಲ್ಲ. ಅವಳ ಅನುಕೂಲಕ್ಕೆಂದೇ ಕಟ್ಟಿಸಿದ ಕೋಣೆಯು ಅವಳನ್ನು ನೀರಡಿಕೆಯಿಂದ ಬಳಲಿಸುತ್ತಿತ್ತು. ನಮ್ಮ ಮನೆಗಳ ಎಷ್ಟು ಹೆಣ್ಣುಮಕ್ಕಳು ಪ್ರಯಾಣದ ದಿನ ಹೀಗೆ ಬಾಯಾರಿ ಕುಳಿತಿರುತ್ತಾರೆಂಬುದನ್ನು ಗಂಡಸರಾದ ನಾವು ವಿಚಾರಿಸುವುದೇ ಇಲ್ಲ. ಅಳಿಯನಿಗೆ ಆ ಸದ್ದು ತಿಳಿದೇ ಇತ್ತು. “ಮೋಟಾರ್ ಹಳೇದು ಮಾಮಾ, ಇರಲಿ ಬಿಡ್ರಿ” ಎಂದು ಸುಮ್ಮನಾಗಿದ್ದ.

ವಿಜಯಪುರ ತಲುಪಿದೊಡನೆ ಗಾಂಧಿ ಚೌಕದ ಹತ್ತಿರ, ಮೋಟಾರುಗಳಿಗೆ ತಂತಿ ಸುತ್ತುವ ಚಿಕ್ಕ ಅಂಗಡಿಯೊಂದನ್ನು ಹುಡುಕಿದೆವು. ಚೌಕದಲ್ಲಿ ಆಟೋಗಳ ಕೂಗು, ಹಣ್ಣಿನ ಬಂಡಿಗಳವರ ಕರೆ, ಸಂತೆಯ ಗದ್ದಲ. ಅದರ ನಡುವೆ ಐವತ್ತರ ಪ್ರಾಯದ ಆ ಕುಶಲಕರ್ಮಿ ಗಾಡಿಯೊಳಗೆ ಬಂದು, ಎಲ್ಲರೂ ಸುಮ್ಮನಿರುವಂತೆ ಕೈಸನ್ನೆ ಮಾಡಿದ. ಒಮ್ಮೆ ಫ್ಯಾನು ಹಾಕಿ ಆಲಿಸಿದ. ಅನಂತರ ಅದನ್ನು ನಿಲ್ಲಿಸಿ, ಹನ್ನೆರಡು ವೋಲ್ಟಿನ ಆ ಮೋಟಾರಿನ ಫ್ಯೂಸು ತೆಗೆದು ಜೇಬಿಗೆ ಹಾಕಿಕೊಂಡ. ಕೆಲಸ ಮಾಡುವಾಗ ಬೇರೆ ಯಾರೂ ಅರಿಯದೆ ಗುಂಡಿ ಒತ್ತಬಾರದೆಂಬ ಎಚ್ಚರ ಅದು.

ಒಳಗಿನ ಜಾಲರಿಯನ್ನು ಬಿಚ್ಚಿ, ಒಂದು ರೆಕ್ಕೆಗೆ ಸೀಮೆಸುಣ್ಣದ ಗುರುತು ಹಾಕಿ, ಬೆರಳಿನಿಂದ ನಿಧಾನವಾಗಿ ತಿರುವಿದ. ಬಳಿಕ ನನ್ನತ್ತ ನೋಡಿ ಹೇಳಿದ:

“ನೋಡ್ರಿ ಗುರುಗಳ, ಒಂದ ರೆಕ್ಕಿ ಸುತ್ತೆಲ್ಲಾ ಕಡೆ ತಾಗಿದ್ರ ರೆಕ್ಕಿ ಸೊಟ್ಟ ಆಗೈತಿ ಅಂತ. ಎಲ್ಲಾ ರೆಕ್ಕಿ ಒಂದ ಜಾಗಾದಾಗ ತಾಗಿದ್ರ ಚೌಕಟ್ಟಿನ ತಪ್ಪ. ಏನೂ ತಾಗದ ಗೊರಗೊರ ಅಂದ್ರ ಬುಶ್ ಒಣಗೇತಿ. ಇಲ್ಲಿ ಎಲ್ಲಾ ಒಂದ ಜಾಗಾದಾಗ ತಾಗಾಕತ್ತಾವು.”

ಮಠದ ಪಾಠಶಾಲೆಯಲ್ಲಿ ನಾನು ತರ್ಕಶಾಸ್ತ್ರ ಓದುವಾಗ, ಕಾರಣವಿದ್ದಲ್ಲಿ ಕಾರ್ಯವಿರುವುದು, ಇಲ್ಲದಲ್ಲಿ ಇಲ್ಲದಿರುವುದು ಎಂಬ ಅನ್ವಯ ವ್ಯತಿರೇಕಗಳನ್ನು ಕಂಠಪಾಠ ಮಾಡಿದ್ದೆ. ಅವನ್ನೇ ಈತ ಒಂದು ಸುಣ್ಣದ ತುಂಡಿನಿಂದ ಮಾಡಿ ತೋರಿಸಿದ.

ಚೌಕಟ್ಟು ಸೊಟ್ಟಾದದ್ದೇಕೆ? ಹಿಂದಿನ ಮಳೆಗಾಲದಲ್ಲಿ ಮಾಳಿಗೆಯ ಮೇಲಿನಿಂದ ನೀರು ಸೋರಿತೆಂದು ಅಳಿಯನೇ ಸ್ಕ್ರೂಗಳನ್ನು ಬಲವಾಗಿ ಬಿಗಿದಿದ್ದನಂತೆ. ಪ್ಲಾಸ್ಟಿಕ್ಕಿನ ಚೌಕಟ್ಟು ಒಂದು ಮಗ್ಗುಲಿಗೆ ಬಾಗಿ, ರೆಕ್ಕೆಗೂ ಬಳೆಗೂ ನಡುವೆ ಇದ್ದ ಎಡೆ ಅಲ್ಲಿ ಇಲ್ಲವಾಗಿತ್ತು. ಮೋಟಾರು ನಿರಪರಾಧಿ.

ಕುಶಲಕರ್ಮಿ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಿದ. ರೆಕ್ಕೆಯನ್ನು ದಂಡದಿಂದ ನೇರವಾಗಿ ಎಳೆದು ತೆಗೆದು, ಅದಕ್ಕೆ ಅಂಟಿದ್ದ ಧೂಳಿನ ಹೆಕ್ಕಳವನ್ನು ಸಾಬೂನು ನೀರಿನಿಂದ ತೊಳೆದ. ಒಂದೇ ಬದಿಗೆ ಕೊಳೆ ಕೂತರೂ ತೂಕ ತಪ್ಪಿ ಫ್ಯಾನು ನಡುಗುವುದಂತೆ. ಬುಶ್ಶಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟ. ಅಡಿಗೆಯ ಎಣ್ಣೆ ಹಾಕಿದರೆ ಕೆಲವು ದಿನಗಳಲ್ಲಿ ಅಂಟಾಗಿ ಕೆಡುವುದೆಂದು ಎಚ್ಚರಿಸಿದ. ರೆಕ್ಕೆಯನ್ನು ಮತ್ತೆ ಕೂಡಿಸಿದ ಮೇಲೆ, ನನ್ನ ಕೈಚೀಲದಲ್ಲಿದ್ದ ಹಳೆಯ ಲಗ್ನಪತ್ರಿಕೆಯನ್ನು ಕೇಳಿ ಪಡೆದು, ಅದರ ದಪ್ಪ ಕಾಗದವನ್ನು ಮಡಿಚಿ ರೆಕ್ಕೆಗೂ ಬಳೆಗೂ ನಡುವೆ ಸುತ್ತಲೂ ಸಿಕ್ಕಿಸಿದ. ಎಲ್ಲ ಕಡೆ ಎಡೆ ಸಮನಾದ ಮೇಲೆ ಮೋಟಾರಿನ ಪಟ್ಟಿಯನ್ನು ಬಿಗಿದು ಕಾಗದ ತೆಗೆದ. ಮೇಲೆ ಹತ್ತಿ, ಹಳೆಯ ಮೇಣವನ್ನು ಕೆರೆದು, ಸ್ಕ್ರೂಗಳ ತಲೆಗೆ ಹೊಸದಾಗಿ ಸೀಲೆಂಟು ಬಳಿದ. ನೀರನ್ನು ತಡೆಯುವುದು ಈ ಲೇಪವೇ ಹೊರತು ಸ್ಕ್ರೂವಿನ ಬಿಗಿತವಲ್ಲ ಎಂಬುದು ಅಳಿಯನಿಗೆ ಆಗ ತಿಳಿಯಿತು.

ಫ್ಯೂಸು ಮರಳಿ ಹಾಕಿದಾಗ ಕೇಳಿಸಿದ್ದು ಗಾಳಿಯ ಮೆಲುಸದ್ದು ಮಾತ್ರ. ಅಕ್ಕನ ಮಾತು ನೆನಪಿದ್ದ ನಾನು ದೀಪಕ್ಕೂ ಫ್ಯಾನಿಗೂ ಬೇರೆ ಬೇರೆ ಗುಂಡಿ ಮಾಡಿಕೊಡಲು ಕೇಳಿದೆ. ಅದನ್ನೂ ಮಾಡಿದ. ಬಾಗಿಲ ಕೆಳಗೆ ಬೆರಳಗಲದ ಎಡೆ ಬಿಡದೆ ಇದ್ದರೆ ಒಳಗೆ ಗಾಳಿ ಬಾರದೆ ಫ್ಯಾನು ಬರಿದೆ ತಿರುಗುವುದೆಂದೂ ಹೇಳಿದ. ಮನೆಯ ಬಚ್ಚಲಿನ ಫ್ಯಾನಿಗೂ ಇದೇ ಮಾತು ಸಲ್ಲುತ್ತದೆ. ಆದರೆ ಅಲ್ಲಿ ಹರಿಯುವುದು ಇನ್ನೂರ ಮೂವತ್ತು ವೋಲ್ಟಿನ ವಿದ್ಯುತ್ತಾದುದರಿಂದ ಮುಖ್ಯ ಸ್ವಿಚ್ಚನ್ನು ಆರಿಸದೆ ಯಾರೂ ಕೈ ಹಾಕಬಾರದು.

ಈ ಊರಿಗೆ ಇಂತಹ ವಿವೇಕ ಹೊಸತಲ್ಲ. ಆದಿಲ್ ಶಾಹಿಗಳ ಕಾಲದಲ್ಲಿ ಕೆರೆಯ ನೀರನ್ನು ಮಣ್ಣಿನ ಕೊಳವೆಗಳಲ್ಲಿ ಊರಿಗೆ ತರುವಾಗ, ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರಿನ ಒತ್ತಡ ಅಲ್ಲಿ ತಗ್ಗುತ್ತಿತ್ತು, ಕೆಸರು ಕೆಳಗಿಳಿಯುತ್ತಿತ್ತು. ಅತಿಯಾದ ಒತ್ತಡವು ಕೊಳವೆಯನ್ನು ಒಡೆಯುವುದೆಂದು ಅವರು ಬಲ್ಲವರು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟದಲ್ಲಿ ಪಿಸುಮಾತು ಕೂಡ ಆಚೆಯ ಗೋಡೆಯ ಬಳಿ ನಿಂತವನಿಗೆ ಕೇಳುತ್ತದೆ. ಅದನ್ನು ಕೇಳಲು ದೂರದೂರದಿಂದ ಜನ ಬರುತ್ತಾರೆ. ಒಂದೇ ಗಾಡಿಯಲ್ಲಿ ಕುಳಿತ ಅಕ್ಕನ ಸಂಕಟ ಮಾತ್ರ ತಿಕೋಟಾದವರೆಗೆ ನಮಗೆ ಕೇಳಿರಲಿಲ್ಲ.

ಗಾಡಿ ಗಾಂಧಿ ಚೌಕವನ್ನು ಬಿಟ್ಟು ಬಬಲೇಶ್ವರದ ದಾರಿ ಹಿಡಿಯಿತು. ಅಕ್ಕ ಚೆಂಬನ್ನು ಕೇಳಿ ಪಡೆದು, ಕಿಟಕಿಯಾಚೆಯ ಹೊಲಗಳನ್ನು ನೋಡುತ್ತ, ತುಂಬ ನೀರು ಕುಡಿದಳು.