ಹೇಗಿದೆಯೋ ಹಾಗೆ

ಮಿರಜದಿಂದ ಪಂಢರಪುರದ ಕಡೆ ಹೋಗುವ ರಸ್ತೆಯಲ್ಲಿ, ಊರು ಹಿಂದೆ ಸರಿದು ದ್ರಾಕ್ಷಿ ತೋಟಗಳು ಕಾಣತೊಡಗುವಲ್ಲಿ, ತಗಡಿನ ಬೇಲಿ ಹಾಕಿದ ಒಂದು ಬಯಲಿದೆ. ಒಳಗೆ ಲಾರಿಗಳು, ಟ್ರ್ಯಾಕ್ಟರುಗಳು, ಒಂದೆರಡು ಜೆಸಿಬಿ, ಯಾವುದೋ ಶಾಲೆಯ ಹಳದಿ ಬಸ್ಸು. ಮುಂಬೈ, ಪುಣೆ, ಹೈದರಾಬಾದ್ ಎಲ್ಲೇ ಇರಿ, ಊರ ಹೊರಗಿನ ಹೆದ್ದಾರಿಯಲ್ಲಿ ನೀವೂ ಇಂಥ ಬಯಲನ್ನು ದಾಟಿರುತ್ತೀರಿ. ಯಾರೋ ಹಳೇ ಗಾಡಿ ನಿಲ್ಲಿಸಿದ್ದಾರೆ ಅಂದುಕೊಂಡಿರುತ್ತೀರಿ. ಹಳೆಯವಲ್ಲ, ಹೆಚ್ಚಿನವು ಮೂರು ನಾಲ್ಕು ವರ್ಷದವು. ಸಾಲದ ಕಂತು ನಿಂತು, ಸೀಜ್ ಆಗಿ, ಹರಾಜಿಗೆ ಕಾದಿರುವ ಗಾಡಿಗಳು.

ಹರಾಜಿನ ನೋಟೀಸು ಇಂಗ್ಲಿಷಿನಲ್ಲಿರಲಿ, ಕನ್ನಡದಲ್ಲಿರಲಿ, ಮರಾಠಿಯಲ್ಲಿರಲಿ, ಒಂದು ಷರತ್ತು ತಪ್ಪುವುದಿಲ್ಲ: ಗಾಡಿಯನ್ನು ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ ಮಾರಲಾಗುವುದು. ಕೊಂಡ ಮೇಲೆ ಇಂಜಿನ್ ಸರಿಯಿಲ್ಲ, ಟೈರ್ ಸವೆದಿದೆ ಅಂತ ತಕರಾರು ತೆಗೆಯುವಂತಿಲ್ಲ. ಹಾಗಾದರೆ ಗಾಡಿ ಹೇಗಿದೆ ಎಂದು ಹೇಳುವವರು ಯಾರು? ನಾನು. ಹನ್ನೊಂದು ವರ್ಷದಿಂದ ನನ್ನ ಹೊಟ್ಟೆಪಾಡು ಅದು. ಫೈನಾನ್ಸ್ ಕಂಪನಿಗಳು ಕರೆದಾಗ ಯಾರ್ಡಿಗೆ ಹೋಗುತ್ತೇನೆ, ಗಾಡಿ ನೋಡುತ್ತೇನೆ, ಬೆಲೆ ಬರೆಯುತ್ತೇನೆ. ಒಂದು ಗಾಡಿಗೆ ಇಷ್ಟು ಎಂದು ಫೀ. ದಿನಕ್ಕೆ ಮೂವತ್ತು ನಲವತ್ತು ಗಾಡಿ ನೋಡಿದರೆ ಪುಣೆಯಿಂದ ಬಂದುಹೋದ ಪೆಟ್ರೋಲ್ ಕಳೆದು ಏನಾದರೂ ಉಳಿಯುತ್ತದೆ.

ಅದಕ್ಕೆ ಮೊದಲು ನಾನು ಗಾಡಿಗಳ ಇನ್ನೊಂದು ತುದಿಯಲ್ಲಿದ್ದೆ. 1998ರಲ್ಲಿ ಜಮಖಂಡಿ ಬಿಟ್ಟು ಪುಣೆಗೆ ಬಂದವನು ಲಾರಿ ಶೋರೂಮಿನಲ್ಲಿ ಸೇಲ್ಸ್‌ಗೆ ಸೇರಿದೆ. ಶೋರೂಮು ಎಂದರೆ ಕಾರಿನ ಶೋರೂಮಿನಂತೆ ಗಾಜು, ಎ.ಸಿ. ಅಲ್ಲ. ಒಂದು ಆಫೀಸು, ಹಿಂದೆ ಮಣ್ಣಿನ ಅಂಗಳ, ಅಂಗಳದ ತುಂಬ ಮೈಯಿಲ್ಲದ ಚಾಸಿಗಳು. ಆಗ ಅನೇಕರು ಲಾರಿಯನ್ನು ಚಾಸಿಯಾಗಿಯೇ ಕೊಳ್ಳುತ್ತಿದ್ದರು. ಡ್ರೈವರ್ ಹಲಗೆ ಬಡಿದ ಸೀಟಿನ ಮೇಲೆ ಕೂತು, ಬಿಸಿಲಿಗೆ ತಲೆಗೆ ಟವೆಲ್ ಸುತ್ತಿ, ಬಾಡಿ ಕಟ್ಟಿಸಲು ಓಡಿಸಿಕೊಂಡು ಹೋಗುತ್ತಿದ್ದ. ನಾಮಕ್ಕಲ್ಲು, ತಿರುಚೆಂಗೋಡಿನ ಬಾಡಿಗೆ ಅಷ್ಟು ಹೆಸರು. ಪುಣೆಯಲ್ಲಿ ಕೊಂಡು ತಮಿಳುನಾಡಿಗೆ ಒಯ್ದವರನ್ನೂ ಕಂಡಿದ್ದೇನೆ.

ನಾನು ಮೊದಲು ಕಲಿತ ವಿದ್ಯೆ ಲಾರಿಯ ಹೆಸರು ಓದುವುದು. 1613 ಎಂದರೆ ಹದಿನಾರು ಟನ್ ಒಟ್ಟು ತೂಕ, ಸುಮಾರು ನೂರಾ ಮೂವತ್ತು ಅಶ್ವಶಕ್ತಿ. ಅದಕ್ಕೂ ಹಿಂದಿನ 1210 ಹನ್ನೆರಡು ಟನ್, ನೂರು ಅಶ್ವಶಕ್ತಿ. ನಮ್ಮೂರ ಹಿರಿಯರು ಟಾಟಾ ಲಾರಿಗೆ ಬೆಂಜ್ ಅನ್ನುತ್ತಿದ್ದುದು ಯಾಕೆಂದು ಆಗಲೇ ಗೊತ್ತಾಗಿದ್ದು. 1954ರಿಂದ 1969ರವರೆಗೆ ಟಾಟಾದವರು ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿದ್ದರು, ಮೂತಿಯ ಮೇಲೆ ಬೆಂಜಿನ ನಕ್ಷತ್ರವಿರುತ್ತಿತ್ತು. ನಕ್ಷತ್ರ ಹೋಗಿ ಮೂವತ್ತು ವರ್ಷವಾದರೂ ಊರಲ್ಲಿ ಹೆಸರು ಹೋಗಿರಲಿಲ್ಲ.

ಡೆಲಿವರಿ ದಿನ ಗಿರಾಕಿಯ ಮನೆಮಂದಿಯೆಲ್ಲ ಬರುತ್ತಿದ್ದರು. ಹೆಂಗಸರು ಅರಿಶಿನ ಕುಂಕುಮ ಹಚ್ಚುವರು, ಚಕ್ರದ ಕೆಳಗೆ ನಿಂಬೆಹಣ್ಣು, ಬಂಪರಿಗೆ ತೆಂಗಿನಕಾಯಿ. ಯಜಮಾನ ಕೀಲಿ ಇಸಿದುಕೊಂಡು ಫೋಟೋಗೆ ನಿಲ್ಲುವನು. ಪಕ್ಕದಲ್ಲಿ ಟೈ ಕಟ್ಟಿಕೊಂಡು ನಾನು. ಆರ್.ಸಿ. ಪುಸ್ತಕದಲ್ಲಿ ಅವನ ಹೆಸರಿನ ಕೆಳಗೆ ಎಚ್.ಪಿ. ಎಂದು ಫೈನಾನ್ಸಿನವರ ಹೆಸರು ಕೂತಿರುತ್ತದೆ ಅನ್ನುವುದನ್ನು ಆ ಹೊತ್ತಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನಗೂ ಎತ್ತಬಾರದೆಂದು ಹೇಳಿಕೊಟ್ಟಿದ್ದರು. ಸಾಲ ತೀರಿಸಿದರೆ ಫಾರ್ಮ್ 35 ಕೊಟ್ಟು ಆ ಹೆಸರು ತೆಗೆಸಬೇಕು. ತೀರದೆ ಗಾಡಿ ಸೀಜ್ ಆದರೆ ಫೈನಾನ್ಸಿನವರು ಫಾರ್ಮ್ 36 ಹಾಕಿ ತಮ್ಮ ಹೆಸರಿಗೇ ಹೊಸ ಆರ್.ಸಿ. ಮಾಡಿಸಿಕೊಳ್ಳಬಹುದು. ಒಂದರ ಪಕ್ಕ ಒಂದು ಅಂಕಿ. ನಾನು ಹದಿನೈದು ವರ್ಷ ಮೂವತ್ತೈದರ ಕಡೆಯವರ ಜೊತೆ ಇದ್ದೆ, ಈಗ ಮೂವತ್ತಾರರ ಕಡೆ.

ಇನ್ನು ಬೆಲೆ ಬರೆಯುವ ಬಗೆ. ಲಾರಿಯಾದರೆ ಅರ್ಧ ಬೆಲೆ ಗಾಡಿಯಲ್ಲೇ ಇರುವುದಿಲ್ಲ, ಸರಕಾರದ ಗೆಜೆಟ್‌ನಲ್ಲಿರುತ್ತದೆ. 2018ರಲ್ಲಿ ಆಕ್ಸಲ್ ಲೋಡಿನ ಮಿತಿ ಏರಿಸಿದಾಗ ಅದೇ ಗಾಡಿ ಹೆಚ್ಚು ಮಾಲು ಹೊರಬಹುದಾಯಿತು, ಇದ್ದ ಬಾಡಿಗೆಗೆ ಗಾಡಿಗಳು ಹೆಚ್ಚಾದವು. 2020ರ ಏಪ್ರಿಲ್ಲಿನಿಂದ ಬಿ.ಎಸ್.6 ಬಂದು ಹೊಸ ಗಾಡಿ ದುಬಾರಿಯಾಯಿತು, ಹಳೆಯದನ್ನು ಕೇಳುವವರು ಬಂದರು. ದೆಹಲಿಯ ಓದುಗರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ: ಹತ್ತು ವರ್ಷದ ಡೀಸೆಲ್ ಗಾಡಿ ರಾಜಧಾನಿಯಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿದ ಮೇಲೆ, ಅಲ್ಲಿ ಮುದಿಯಾದ ಗಾಡಿ ಎನ್.ಒ.ಸಿ. ಹಿಡಿದು ಬೇರೆ ರಾಜ್ಯಕ್ಕೆ ಹೋಗಿ ದುಡಿಯುತ್ತದೆ.

ಟ್ರ್ಯಾಕ್ಟರಿಗೆ ಈ ಗೋಳು ಕಡಿಮೆ. ಅದನ್ನು ಮೈ ಮುಟ್ಟಿಯೇ ನೋಡಬೇಕು. ಚಾಲೂ ಮಾಡಿ ಬ್ರೀದರಿನ ಬಾಯಿಗೆ ಅಂಗೈ ಹಿಡಿಯುತ್ತೇನೆ. ಹೊಗೆ ಒತ್ತಿ ಬಂದರೆ ರಿಂಗು, ಬೋರು ಸವೆದಿವೆ, ಇಂಜಿನ್ ಬಿಚ್ಚಬೇಕು. ಹೈಡ್ರಾಲಿಕ್ ಎತ್ತಿ ಅದರ ಮೇಲೆ ಇಬ್ಬರನ್ನು ನಿಲ್ಲಿಸಿ ಇಂಜಿನ್ ಬಂದ್ ಮಾಡುತ್ತೇನೆ. ಬೇಗ ಕೆಳಗಿಳಿದರೆ ಒಳಗೆ ಸೋರಿಕೆ. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದರೆ ಪಿನ್ನಿನ ಸಡಿಲ ಕೈಗೆ ಸಿಗುತ್ತದೆ. ಇವೆಲ್ಲದಕ್ಕೂ ಮೊದಲು ಟ್ರ್ಯಾಕ್ಟರ್ ಚಾಲೂ ಆಗಬೇಕು. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತದ್ದಕ್ಕೆ ಬ್ಯಾಟರಿ ಇಳಿದಿರುತ್ತದೆ. ಎಷ್ಟೋ ಸಲ ಬ್ಯಾಟರಿಯೇ ಇರುವುದಿಲ್ಲ. ಯಾರು ಬಿಚ್ಚಿದರೆಂದು ಯಾರೂ ಕೇಳುವುದಿಲ್ಲ. ನನ್ನ ಫಾರ್ಮಿನಲ್ಲಿ ಅದಕ್ಕೊಂದು ಚೌಕವಿದೆ: 'ಇಂಜಿನ್ ಚಾಲೂ ಮಾಡಿ ನೋಡಿಲ್ಲ'. ಅಲ್ಲಿ ಟಿಕ್ ಹಾಕಿದರೆ ಇಂಜಿನ್ ಕೆಲಸದ ಖರ್ಚು ಬರಬಹುದೆಂದು ಹಿಡಿದು ಬೆಲೆ ಇಳಿಸುವುದು ರೂಢಿ.

2022ರ ಬೇಸಿಗೆಯಲ್ಲಿ ಆ ಯಾರ್ಡಿನಲ್ಲಿ ಕೆಎ-48 ನಂಬರಿನ ಟ್ರ್ಯಾಕ್ಟರೊಂದು ನಿಂತಿತ್ತು. ಕೆಎ-48 ನಮ್ಮ ಜಮಖಂಡಿ. ಮಡ್‌ಗಾರ್ಡಿನ ಮೇಲೆ ಹೊಳೆಸಾಲಿನ ಒಂದು ಊರ ಹೆಸರು. ನಮ್ಮೂರಿಂದ ಆರೇಳು ಮೈಲಿ. ಸ್ಟೇರಿಂಗಿಗೆ ಸುತ್ತಿದ ಬಣ್ಣದ ಗೊಂಡೆಗಳು ಬಿಸಿಲಿಗೆ ಬಿಳಿಚಿದ್ದವು. ಟೂಲ್ ಬಾಕ್ಸಿನಲ್ಲಿ ಎರಡು ಪಾನಾ, ಒಂದು ವಿಭೂತಿ ಗಟ್ಟಿ. ಬ್ಯಾಟರಿ ಇರಲಿಲ್ಲ. ಅದು ಅವತ್ತಿನ ಮೂವತ್ತೊಂದನೆಯ ಗಾಡಿ, ಮಧ್ಯಾಹ್ನ ಮೂರು ಗಂಟೆ. ವಾಚ್‌ಮನ್ ಜತೆ ನಮ್ಮ ಕಡೆಯ ಗಾಡಿ ನೋಡು ಎಂದು ಎರಡು ಮಾತಾಡಿದೆ. ಫೋಟೋ ತೆಗೆದೆ. ಟಿಕ್ ಹಾಕಿದೆ. 2,70,000 ಬರೆದೆ. ಮುಂದಿನ ಗಾಡಿಗೆ ಹೋದೆ.

ಹರಾಜು ಆದದ್ದು ಎರಡು ವಾರದ ಮೇಲೆ. ಹರಾಜೆಂದರೆ ಈಗ ಸುತ್ತಿಗೆ ಬಡಿದು ಕೂಗುವುದು ಕಡಿಮೆ. ಡಿಪಾಜಿಟ್ ಕಟ್ಟಿದವರು ಫೋನಿನಲ್ಲೇ ಸವಾಲು ಏರಿಸುತ್ತಾರೆ. ಆದರೂ ಹಳೇ ದಲ್ಲಾಳಿಗಳು ಯಾರ್ಡಿಗೆ ಬಂದು, ಬೇವಿನ ಮರದ ಕೆಳಗೆ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಫೋನ್ ಒತ್ತುವುದು. ಯಾವ ಗಾಡಿ ಯಾರದ್ದೆಂದು ಚಹಾದ ಹೊತ್ತಿಗೇ ನಿಶ್ಚಯವಾಗಿರುತ್ತದೆ. ಅವರ ಬಗ್ಗೆ ನನಗೆ ಸಿಟ್ಟಿಲ್ಲ, ಅವರೂ ಕೊಂಡು, ರಿಪೇರಿ ಮಾಡಿಸಿ, ಮಾರಬೇಕು. ಕೊನೆಯ ಸವಾಲಿಗೂ ಫೈನಾನ್ಸಿನವರ ಒಪ್ಪಿಗೆ ಬೇಕು. ಒಪ್ಪುವಾಗ ಅವರು ನೋಡುವುದು ನಾನು ಬರೆದ ಅಂಕಿಯನ್ನು. ಅದಕ್ಕಿಂತ ಹೆಚ್ಚು ಬಂದರೆ ಕಣ್ಣು ಮುಚ್ಚಿ ಒಪ್ಪಿಗೆ. ಆ ಟ್ರ್ಯಾಕ್ಟರ್ 2,85,000ಕ್ಕೆ ಹೋಯಿತು.

ಮತ್ತೆ ಒಂದು ತಿಂಗಳಾದ ಮೇಲೆ ಫೋನು ಬಂತು.

"ಸಾಹೇಬ್ರ, ನೀವು ನಮ್ಮ ಕಡೆಯವ್ರಂತ ವಾಚ್‌ಮನ್ ಹೇಳಿದ್ರೀ. ಅವನ ಹತ್ರಾನ ನಂಬರ್ ತಗೊಂಡೇನಿ. ನಮ್ಮ ಗಾಡಿಗೆ ಎಷ್ಟ ಬರದಿದ್ರೀ?"

ಹುಡುಗನ ದನಿ, ಇಪ್ಪತ್ತೈದರ ಒಳಗಿನದು. ಅದನ್ನು ಹೇಳುವಂತಿಲ್ಲ ತಮ್ಮಾ ಅಂದೆ. ಅವನು ಒತ್ತಾಯ ಮಾಡಲಿಲ್ಲ, ತಾನೇ ಹೇಳುತ್ತ ಹೋದ. 2018ರಲ್ಲಿ ಕೊಂಡದ್ದು, ಆರು ತಿಂಗಳಿಗೊಂದು ಕಂತು. ಬೆಳೆಯ ದುಡ್ಡು ಕೈಗೆ ಬರುವ ಹೊತ್ತಿಗೆ ಕಂತು ಬರಲಿ ಎಂದು ಟ್ರ್ಯಾಕ್ಟರ್ ಸಾಲಕ್ಕೆ ಹೀಗೆ ಮಾಡುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಕಬ್ಬು ನೀರಲ್ಲಿ ನಿಂತಿತು. ಮರುವರ್ಷ ಕೊರೊನಾ, ರಿಸರ್ವ್ ಬ್ಯಾಂಕು ಮಾರ್ಚಿನಿಂದ ಆಗಸ್ಟ್ ಕೊನೆಯವರೆಗೆ ಕಂತು ಮುಂದೂಡಲು ಬಿಟ್ಟಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ಹೇಗಾದರೂ ಏಳಬೇಕೆಂದು ಅವನಪ್ಪ ಕಬ್ಬು ಸಾಗಿಸುವ ಕರಾರಿಗೆ ಇಳಿದರು. ಫ್ಯಾಕ್ಟರಿಯಿಂದ ಮುಂಗಡ ತಂದು, ಬೀಡ ಕಡೆಯ ಮುಕಾದಮನೊಬ್ಬನಿಗೆ ಕಬ್ಬು ಕಡಿಯುವ ಟೋಳಿ ಕರೆತರಲು ಕೊಟ್ಟರು. ಟೋಳಿ ಬರಲಿಲ್ಲ. ಮುಕಾದಮನ ಫೋನು ಬಂದ್. ಕಬ್ಬಿನ ಸೀಮೆಯಲ್ಲಿ ಇದು ಒಬ್ಬರ ಕಥೆಯಲ್ಲ; ಸಾಂಗ್ಲಿ, ಕೊಲ್ಲಾಪುರ, ಬೆಳಗಾವಿ ಕಡೆ ಟ್ರ್ಯಾಕ್ಟರಿನವರು ಹೀಗೆ ಮುಳುಗಿದ್ದನ್ನು ಪ್ರತಿ ಹಂಗಾಮಿನಲ್ಲೂ ಕೇಳುತ್ತೇವೆ. ಮುಕಾದಮನ ಕಡೆಯಿಂದ ಕೇಳಿದರೆ ಟೋಳಿಯ ಕೂಲಿಗಳು ಮೂರು ಕಡೆ ಸಾಲ ಎತ್ತಿರುತ್ತಾರೆ. ಎಲ್ಲರೂ ಇನ್ನೊಬ್ಬರ ಮುಂಗಡದಲ್ಲೇ ಬದುಕುವವರು.

"ಈಗ ಇನ್ನೂ ಒಂದ್ ಲಕ್ಷ ಎಪ್ಪತ್ತೈದ್ ಸಾವಿರ ಕೊಡ್ಬೇಕಂತ ನೋಟೀಸ್ ಬಂದೈತ್ರೀ. ಗಾಡಿ ಹೋದ ಮ್ಯಾಲ ಸಾಲಾನೂ ಹೋತು ಅಂದ್ಕೊಂಡಿದ್ವಿ."

ಹಾಗಲ್ಲವೆಂದು ವಿವರಿಸಿದೆ. ಹರಾಜಿನಲ್ಲಿ ಬಂದದ್ದು ಕಳೆದು ಉಳಿದದ್ದು ಸಾಲಗಾರನ ತಲೆಯ ಮೇಲೇ. ಆಮೇಲೆ, ಸುಮ್ಮನಿರಲಾರದೆ ಅಂದೆ: "ಗಾಡಿ ಚಾಲೂ ಆಗಲಿಲ್ಲ ತಮ್ಮಾ. ಚಾಲೂ ಇದ್ದಿದ್ರ ಇನ್ನೊಂದಿಷ್ಟು ಬರ್ತಿತ್ತು."

ಸ್ವಲ್ಪ ಹೊತ್ತು ಮಾತಿಲ್ಲ.

"ಚಾಲೂ ಆಗ್ಲಿಲ್ಲಾ? ಮನಿ ಮುಂದ ಸೀಜ್ ಆದ್ರ ಮರ್ಯಾದಿ ಹೋಗತೈತಿ ಅಂತ ನಾನ ಹೊಡ್ಕೊಂಡು ಬಂದು ಯಾರ್ಡಿನ್ಯಾಗ ಬಿಟ್ಟು ಹೋಗೇನ್ರೀ. ಜಮಖಂಡಿಂದ ಮಿರಜ ತನ. ಎಲ್ಲೂ ನಿಂತಿಲ್ರೀ ಅದು."

ಫೋನಿಟ್ಟು ಲ್ಯಾಪ್‌ಟಾಪ್ ತೆಗೆದೆ. ಗಾಡಿ ಯಾರ್ಡಿಗೆ ಬಂದ ದಿನ ಒಂದು ಪಟ್ಟಿ ಬರೆಯುತ್ತಾರೆ: ಟೈರು ಎಷ್ಟು, ಜಾಕ್ ಇದೆಯೇ, ಬ್ಯಾಟರಿ ಇದೆಯೇ. ಅದರ ನಕಲು ನನಗೆ ಕಳಿಸಿದ ಕಡತದಲ್ಲೇ ಇತ್ತು. 'ಬ್ಯಾಟರಿ: ಇದೆ. ಗಾಡಿ: ಚಾಲೂ ಸ್ಥಿತಿ.' ಕೆಳಗೆ ಯಾರ್ಡಿನವರ ಸಹಿ, ಪಕ್ಕದಲ್ಲಿ ಹುಡುಗನ ದುಂಡು ಅಕ್ಷರದ ಸಹಿ. ಕಡತ ಬಂದದ್ದು ನಾನು ಯಾರ್ಡಿಗೆ ಹೋಗುವ ನಾಲ್ಕು ದಿನ ಮೊದಲು. ನಾನು ತೆರೆದಿರಲಿಲ್ಲ.

ಬ್ಯಾಟರಿ ಇಲ್ಲದಿದ್ದರೂ ನೋಡಬಹುದಿತ್ತು. ಯಾರ್ಡಿನಲ್ಲಿ ಚಾಲೂ ಇರುವ ಟ್ರ್ಯಾಕ್ಟರ್ ಒಂದಾದರೂ ಇರುತ್ತದೆ, ಗಾಡಿ ಎಳೆಯಲು ಬಳಸುತ್ತಾರೆ. ಅದರ ಬ್ಯಾಟರಿಗೆ ವೈರ್ ಕೊಟ್ಟರೆ ಹತ್ತು ನಿಮಿಷದ ಕೆಲಸ. ಚಾಲೂ ಆಗಿ ಇಂಜಿನ್ ಸರಿಯಿದ್ದಿದ್ದರೆ ನಾನು 3,40,000 ಬರೆಯುತ್ತಿದ್ದೆ. ನಾನು ಬರೆದಷ್ಟಕ್ಕೇ ಹೋಗುತ್ತಿತ್ತೆಂದು ಹೇಳಲಾರೆ. ದಲ್ಲಾಳಿಗಳಿಗೆ ಅವರದೇ ಲೆಕ್ಕ. ಆದರೆ 2,85,000ಕ್ಕೆ ಒಪ್ಪಿಗೆ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ಮರುದಿನ ಕಂಪನಿಗೆ ಮೇಲ್ ಬರೆದೆ. ನನ್ನ ವರದಿಯಲ್ಲಿ ತಪ್ಪಿದೆ, ಗಾಡಿ ಚಾಲೂ ಸ್ಥಿತಿಯಲ್ಲಿ ಬಂದಿತ್ತೆಂದು ನಿಮ್ಮ ಪಟ್ಟಿಯೇ ಹೇಳುತ್ತದೆ, ಬ್ಯಾಟರಿ ಆಮೇಲೆ ಹೋಗಿದೆ. ಮಾರಾಟ ಮುಗಿದಿದೆ, ಮಾಹಿತಿಗೆ ಧನ್ಯವಾದ ಎಂದು ಉತ್ತರ ಬಂತು. ಹುಡುಗನಿಗೆ ಫೋನ್ ಮಾಡಿ, ಆ ಪಟ್ಟಿಯ ನಕಲನ್ನೂ ಸಾಲದ ಲೆಕ್ಕವನ್ನೂ ಬರವಣಿಗೆಯಲ್ಲಿ ಕೇಳು, ಜಮಖಂಡಿಯಲ್ಲಿ ಒಬ್ಬ ವಕೀಲರನ್ನು ಕಾಣು, ಬೇಕಾದರೆ ನನ್ನ ಹೆಸರು ಹೇಳು ಅಂದೆ. "ಹೂಂರೀ" ಅಂದ. ಇಲ್ಲಿಯವರೆಗೆ ಯಾರೂ ನನ್ನನ್ನು ಕರೆದಿಲ್ಲ. ಆ ಕಂಪನಿಯಿಂದ ಕೆಲಸ ಕಡಿಮೆಯಾಗಿದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೇಳಲು ಪುರಾವೆಯಿಲ್ಲ. ಈಗ ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಬ್ಯಾಟರಿ, ಒಂದು ಜತೆ ವೈರ್ ಇವೆ. ದಿನಕ್ಕೆ ಹದಿನೆಂಟು ಇಪ್ಪತ್ತು ಗಾಡಿಗಿಂತ ಹೆಚ್ಚು ನೋಡಲಾಗುವುದಿಲ್ಲ. ಹೆಂಡತಿ ಲೆಕ್ಕ ಕೇಳುತ್ತಾಳೆ.

ಈ ಸಲ ದೀಪಾವಳಿಗೆ ಊರಿಗೆ ಹೋದಾಗ ತಮ್ಮ ಮೆಸ್ಸಿ ಮಾರುವ ಮಾತೆತ್ತಿದ. ಮೆಸ್ಸಿ ಎಂದರೆ ಅಪ್ಪನ ಮೆಸ್ಸಿ ಫರ್ಗುಸನ್ 1035, ಮದ್ರಾಸಿನ ಟಾಫೆ ಕಂಪನಿಯದು, ಒಳಗೆ ಸಿಂಪ್ಸನ್ನಿನ ಮೂರು ಸಿಲಿಂಡರ್ ಇಂಜಿನ್. 1984ರಲ್ಲಿ ಪಿ.ಎಲ್.ಡಿ. ಬ್ಯಾಂಕಿನ ಸಾಲದಲ್ಲಿ ತಂದದ್ದು. ಅದಕ್ಕೂ ಜಪ್ತಿಯ ನೋಟೀಸು ಬಂದಿತ್ತು. ಆಗ ರೈತಸಂಘದ ಕಾಲ; 1980ರ ನರಗುಂದ-ನವಲಗುಂದದ ಬಂಡಾಯದ ಬಿಸಿ ಆರಿರಲಿಲ್ಲ. ಅಧಿಕಾರಿಗಳು ಅನುಮತಿಯಿಲ್ಲದೆ ಊರೊಳಗೆ ಬರಬಾರದೆಂದು ಎಷ್ಟೋ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ನಿಂತಿತ್ತು. ಜಪ್ತಿಗೆ ಬಂದವರು ಊರ ಜನರ ಮುಂದೆ ನಿಂತು ಮಾತಾಡಬೇಕಿತ್ತು. ನಮ್ಮ ಮನೆಗೆ ಬಂದ ಬ್ಯಾಂಕಿನ ಸಾಹೇಬರು ಚಹಾ ಕುಡಿದು, ಮುಂದಿನ ಸುಗ್ಗಿವರೆಗೆ ಗಡುವು ಕೊಟ್ಟು ಹೋದದ್ದು ನನಗೆ ನೆನಪಿದೆ. ಸಾಲ ತೀರಲು 1995 ಆಯಿತು.

ತಮ್ಮನ ಹತ್ತಿರ ಈಗ ಹೊಸ ಟ್ರ್ಯಾಕ್ಟರ್ ಇದೆ, ಅದರ ಆರ್.ಸಿ.ಯಲ್ಲಿ ಎಚ್.ಪಿ. ಇದೆ. ಹಳೇ ಟ್ರ್ಯಾಕ್ಟರ್ ಕೂಡಿಸಿ ಬಣ್ಣ ಹೊಡೆದು ಇಡುವ ಹವ್ಯಾಸದ ಪುಣೆಯವರೊಬ್ಬರು ಮೆಸ್ಸಿಗೆ ಒಂದೂಕಾಲು ಲಕ್ಷ ಹೇಳಿದ್ದಾರಂತೆ. "ನೀ ಬೆಲಿ ಕಟ್ಟಾವ ಅದಿ, ನೋಡಿ ಹೇಳು" ಅಂದ.

ಅದು ಹಿತ್ತಲಿನ ಇಳಿಜಾರಿನಲ್ಲಿ, ಅಪ್ಪ ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಂತಿತ್ತು. ಬ್ಯಾಟರಿಗೆ ದುಡ್ಡಿಲ್ಲದ ವರ್ಷಗಳಲ್ಲಿ ಅಪ್ಪ ಅದನ್ನು ಎಂದೂ ಸಮತಟ್ಟು ನೆಲದಲ್ಲಿ ನಿಲ್ಲಿಸಿದವರಲ್ಲ. ಹೊಲಕ್ಕೆ ಹೋದರೂ ಮೊದಲು ಇಳಿಜಾರು ಹುಡುಕುವರು. ನೆಂಟರ ಮನೆಗೆ ಹೋದರೆ ಅವರ ಓಣಿಯಲ್ಲಿ ಏರು ಎಲ್ಲಿದೆ ಎಂದು ಕೇಳುವರು, ಅದಕ್ಕೆ ನಾವು ನಾಚಿಕೊಳ್ಳುತ್ತಿದ್ದೆವು.

ಬ್ಯಾಟರಿ ಇದೆಯೇ ಎಂದು ತಮ್ಮನನ್ನು ಕೇಳಿದೆ. ಹೊಸದಕ್ಕೆ ಹಾಕೇನಿ ಅಂದ. ಡೀಸೆಲ್ ನೋಡಿದೆ, ಕೈಪಂಪು ಒತ್ತಿ ಗಾಳಿ ತೆಗೆದೆ. ಹತ್ತಿ ಕೂತು, ಕ್ಲಚ್ ತುಳಿದು, ಮೂರನೇ ಗೇರಿಗೆ ಹಾಕಿ, ಚಕ್ರದ ಕಲ್ಲು ತೆಗೆ ಅಂದೆ. ಉರುಳಿತು. ಬೇವಿನ ಗಿಡದ ಹತ್ತಿರ ಕ್ಲಚ್ ಬಿಟ್ಟೆ. ಎರಡು ಸಲ ಜಗ್ಗಿ, ಕರಿ ಹೊಗೆ ಉಗುಳಿ, ಹಿಡಿದುಕೊಂಡಿತು.

ಇಳಿದು ಬ್ರೀದರಿಗೆ ಅಂಗೈ ಹಿಡಿದು ನಿಂತೆ. ತಮ್ಮ ಮೇಲಿನಿಂದ ಕೂಗಿದ, "ಎಷ್ಟಂತ ಹೇಳು, ಸುಮ್ನ ಡೀಸೆಲ್ ಯಾಕ ಸುಡತಿ?"