ಹಾಯಿಯಿಂದ ಹುಟ್ಟಿಗೆ

ನಮ್ಮ ಉದ್ದನಪಲ್ಲಿಯವರಿಗೆ ನೀರೆಂದರೆ ಕೆರೆ, ಬಾವಿ. ದೋಣಿಯೆಂದರೆ ಹೊಗೇನಕಲ್ಲಿನ ಹರಿಗೋಲು. ಆದುದರಿಂದ ನಮ್ಮೂರಿನ ಹಿರಿಯರೊಬ್ಬರ ಮೊಮ್ಮಕ್ಕಳು, ಅಣ್ಣ ತಂಗಿಯರು, ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿದೋಣಿ ನಡೆಸುತ್ತ ಬೆಳೆದು, ಈಗ ಹುಟ್ಟು ಹಾಕುವ ಪಂದ್ಯಗಳಿಗೆ ಅಣಿಯಾಗುತ್ತಿರುವರೆಂದು ಕೇಳಿ ಸೋಜಿಗಪಟ್ಟೆವು. “ಹುಡುಗನಿಗೆ ಸರಿ, ಹುಡುಗಿಗೇಕೆ ಈ ಶ್ರಮ, ಮೇಷ್ಟ್ರೇ?” ಎಂದು ಹಿರಿಯರು ಕೇಳಿದಾಗ ನಾವೂ ತಲೆದೂಗಿದ್ದೆವು.

ಬೇಸಿಗೆಯ ರಜೆಯಲ್ಲಿ ಹೊಸೂರಿನ ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ಒಂದು ಮುಂಜಾನೆ ಮದರಾಸು ಸ್ಯಾಪರ್ಸ್ ಸೇನಾನೆಲೆಯ ಪಕ್ಕದ ಆ ಕೆರೆಯ ದಡದಲ್ಲಿ ನಿಂತೆವು. ಹಾಯಿ ಬಿಚ್ಚಿದವರು ಗಾಳಿಯ ಮರ್ಜಿ ಕಾಯಬೇಕು. ಹುಟ್ಟು ಹಾಕುವವರಾದರೋ ಗುರಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಕುಳಿತ ಪೀಠವು ಹಿಂದೆ ಮುಂದೆ ಜಾರುವುದರಿಂದ ತೋಳಿಗಿಂತ ಕಾಲಿನ ಬಲವೇ ದೋಣಿಯನ್ನು ನೂಕುತ್ತದೆ. “ಗಾಳಿ ಬೀಸಲಿಲ್ಲವೆಂದು ಇಲ್ಲಿ ನೆಪ ಹೇಳುವಂತಿಲ್ಲ, ಮೇಷ್ಟ್ರೇ” ಎಂದು ಹುಡುಗಿ ನಕ್ಕಳು. ಅಂಗೈಯ ಬೊಬ್ಬೆಗಳು ಇಬ್ಬರಿಗೂ ಒಂದೇ ಸಮನಾಗಿದ್ದವು.

ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೆ ಈ ಪಂದ್ಯವು ತೆರೆದದ್ದು 1976ರಲ್ಲಿ, ಮಾಂಟ್ರಿಯಲ್ ನಗರದಲ್ಲಿ. ಆಗ ಗಂಡಸರಿಗೆ 2000 ಮೀಟರು, ಸ್ತ್ರೀಯರಿಗೆ 1000 ಮಾತ್ರ. 1988ರ ಒಲಿಂಪಿಕ್ಸಿನಿಂದ ಇಬ್ಬರಿಗೂ 2000. ಲೋಕವೇ ಸರಿಸಮಗೊಳಿಸಿದ ದೂರವನ್ನು ಒಂದು ಮನೆಯೊಳಗೆ ನಾವು ಮೊಟಕುಗೊಳಿಸುವುದು ಯಾವ ನ್ಯಾಯ? ನಲವತ್ತು ಮಕ್ಕಳ ತರಗತಿಯಲ್ಲಿ ಗಂಡು ಹೆಣ್ಣೆನ್ನದೆ ಒಂದೇ ಪಾಠ ಹೇಳುವ ನಮಗೆ ಇದು ಮೊದಲೇ ಹೊಳೆಯಬೇಕಿತ್ತು.

ಊರಿಗೆ ಮರಳಿದೊಡನೆ ಹಿರಿಯರ ಮನೆಗೆ ಹೋಗಿ ನಮ್ಮ ಹಿಂದಿನ ಅಭಿಪ್ರಾಯ ತಪ್ಪೆಂದು ಹೇಳಿದೆವು. ಅವರಿನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮುಂದಿನ ರಜೆಯಲ್ಲಿ ನಮ್ಮೊಡನೆ ಕೆರೆಯ ದಡಕ್ಕೆ ಬರಲು ಒಪ್ಪಿದ್ದಾರೆ.